ಹನಿಯಕ್ಕ ಮತ್ತು ಬಡಿಯುವ ಉಂಡೆಗಳು

ಅವಳನ್ನು ಹನಿಯಕ್ಕ ಎಂದು ಮೊದಲು ಕರೆದವರು ಯಾರೋ ಏನೋ, ಈಗಂತೂ ಆ ಪ್ರಯೋಗಾಲಯದಲ್ಲಿ ಅವಳ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಬಿಟ್ಟರೆ ಬೇರಾರಿಗೂ ನೆನಪಿಲ್ಲ. ವಯಸ್ಸು ಐವತ್ತೆರಡು. ಗಿಡ್ಡ ಆಳು. ನಡೆದರೆ ಓಡಿದ ಹಾಗೆ, ಮಾತಾಡಿದರೆ ಜಗಳಕ್ಕೆ ನಿಂತ ಹಾಗೆ. ಆದರೆ ಹನಿ ಅಳೆದು ಬಿಡುವ ಪಿಪೆಟ್ ಕೈಗೆ ಬಂತೋ, ಮುಗಿಯಿತು. ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ಪಕ್ಕದವರು ಬಗ್ಗಿ ನೋಡಬೇಕು.

ಅವಳ ಕೆಲಸ ಹನಿ ನೇತುಹಾಕುವುದು. ನಗಬೇಡಿ, ನಿಜವಾಗಿಯೂ ಅದೇ ಕೆಲಸ. ಅಂಗೈ ಅಗಲದ ಪ್ಲಾಸ್ಟಿಕ್ ಮುಚ್ಚಳದ ಒಳಮೈ ಮೇಲೆ ಸಾಲಾಗಿ ಹನಿಗಳನ್ನಿಡಬೇಕು, ಒಂದೊಂದೂ ಮೆಣಸಿನ ಕಾಳಿನಷ್ಟು. ಒಂದೊಂದರಲ್ಲೂ ಕೆಲವು ಸಾವಿರ ಜೀವಕೋಶ. ಆಮೇಲೆ ಆ ಮುಚ್ಚಳವನ್ನು ಒಂದೇ ಸಲಕ್ಕೆ ತಲೆಕೆಳಗು ಮಾಡಿ ತಟ್ಟೆಯ ಮೇಲೆ ಕೂರಿಸಬೇಕು. ಹನಿ ಬೀಳಬಾರದು, ಪಕ್ಕದ ಹನಿಗೆ ತಾಗಬಾರದು. ನೇತಾಡುವ ಹನಿಯ ತುದಿಗೆ ಕೋಶಗಳೆಲ್ಲ ಮೆಲ್ಲಗೆ ಇಳಿದು, ಒಂದನ್ನೊಂದು ಹಿಡಿದುಕೊಂಡು, ಎರಡು ಮೂರು ದಿನದಲ್ಲಿ ಪುಟ್ಟ ಉಂಡೆಯಾಗುತ್ತವೆ. ದೊಡ್ಡ ದೊಡ್ಡ ಪದವಿ ಪಡೆದು ಬಂದವರು ಈ ಮುಚ್ಚಳ ತಿರುವುವಾಗ ಬೆವರಿ ತೊಯ್ದುಹೋಗುತ್ತಾರೆ. ಹನಿಯಕ್ಕನದು ಹತ್ತನೇ ತರಗತಿ. ಅವಳ ಕೈಯಿಂದ ಹನಿ ಬಿದ್ದದ್ದನ್ನು ಕಂಡವರಿಲ್ಲ.

ಅಷ್ಟೆಲ್ಲ ಕಷ್ಟಪಟ್ಟು ಉಂಡೆ ಯಾಕೆ ಮಾಡಬೇಕು ಎಂದು ಯಾರಾದರೂ ಕೇಳಿದರೆ ಅವಳಿಗೆ ಖುಷಿಯೋ ಖುಷಿ. ‘ನೋಡಿ, ತಟ್ಟೆ ಮೇಲೆ ಹರಡಿ ಬೆಳೆಸಿದ್ರೆ ಕೋಶಗಳು ಚಾಪೆ ಮೇಲೆ ಮಲಗಿದ ಹಾಗೆ ಅಂಗಾತ ಬಿದ್ದಿರ್ತವೆ. ಔಷಧಿ ಹಾಕಿದ ತಕ್ಷಣ ಎಲ್ಲದಕ್ಕೂ ತಗಲುತ್ತೆ, ಕ್ಯಾನ್ಸರ್ ಸತ್ತೇಹೋಯ್ತು ಅಂತ ಇವರೆಲ್ಲ ಕುಣೀತಾರೆ. ಆದ್ರೆ ಮೈಯೊಳಗೆ ಯಾವ ಕೋಶ ಹಾಗೆ ಮಲಗಿರುತ್ತೆ ಹೇಳಿ? ಅಲ್ಲಿ ಗುಂಪು ಕಟ್ಕೊಂಡಿರ್ತವೆ. ಒಳಗಿರೋವು ಹೊರಗಿನವುಗಳ ಮರೆಯಲ್ಲಿ ಬಚ್ಚಿಟ್ಕೊಂಡಿರ್ತವೆ. ಉಂಡೆ ಮೇಲೆ ಔಷಧಿ ಹಾಕಿ ನೋಡಿ, ಆಗ ಗೊತ್ತಾಗುತ್ತೆ ಅದರ ಬಂಡವಾಳ!’ ಹೊಸದಾಗಿ ಸೇರಿದವರಿಗೆ ಈ ಭಾಷಣ ತಪ್ಪಿದ್ದಲ್ಲ.

ಇದಕ್ಕೂ ಮೊದಲು ಅವಳು ಸುಗಂಧದ ಎಣ್ಣೆ ಮಾರುವ ಒಂದು ಇಕ್ಕಟ್ಟಾದ ಅಂಗಡಿಯಲ್ಲಿದ್ದಳು. ಬೆರಳುದ್ದದ ಸೀಸೆಗಳಿಗೆ ಹನಿ ಹನಿಯಾಗಿ ಎಣ್ಣೆ ತುಂಬುವುದು ಕೆಲಸ. ಒಂದು ಹನಿ ಮೇಜಿನ ಮೇಲೆ ಬಿದ್ದರೂ ಮಾಲೀಕರ ಮುಖ ಗಂಟಾಗುತ್ತಿತ್ತು. ಅಲ್ಲಿ ಆರು ವರ್ಷ ಕೈ ಪಳಗಿತು. ಅಂಗಡಿ ಮುಚ್ಚಿದಾಗ ಈ ಪ್ರಯೋಗಾಲಯಕ್ಕೆ ಗಾಜಿನ ಸಾಮಾನು ತೊಳೆಯಲು ಬಂದಳು. ಒಂದು ದಿನ ಒಬ್ಬ ವಿಜ್ಞಾನಿ ಮುಚ್ಚಳ ತಿರುವಿ, ಹನಿಗಳನ್ನೆಲ್ಲ ತನ್ನ ಬಿಳಿ ಕೋಟಿನ ಮೇಲೆ ಸುರಿದುಕೊಂಡು ತಲೆ ಚಚ್ಚಿಕೊಳ್ಳುತ್ತಿದ್ದ. ತೊಟ್ಟಿಯ ಬಳಿ ನಿಂತಿದ್ದ ಇವಳು, ‘ಸ್ವಲ್ಪ ನಾನು ನೋಡ್ಲಾ?’ ಎಂದಳು. ಆಗ ತೊಟ್ಟಿ ಬಿಟ್ಟು ಬಂದವಳು ಮತ್ತೆ ತೊಟ್ಟಿಯ ಕಡೆ ಹೋಗಲಿಲ್ಲ. ಇದಾಗಿ ಹದಿನೆಂಟು ವರ್ಷ.

ಮನೆಯಲ್ಲಿ ಮೂರು ಜನ. ಗಂಡ ಸಿಟಿ ಬಸ್ಸಿನ ಡ್ರೈವರ್, ದಿನವಿಡೀ ಹಾರ್ನ್ ಕೇಳಿ ಕೇಳಿ ಮನೆಯಲ್ಲಿ ಮೌನವ್ರತ. ಅವನ ಪಾಲಿನ ಮಾತನ್ನೂ ಸೇರಿಸಿ ಆಡಲು ಅತ್ತೆ ಇದ್ದಾರೆ. ಎಪ್ಪತ್ತೆಂಟು ವರ್ಷವಾದರೂ ಅತ್ತೆಯ ನಾಲಿಗೆಗೆ ವಯಸ್ಸಾಗಿಲ್ಲ. ಮೆಟ್ಟಿಲ ಮೇಲೆ ಸಿಕ್ಕ ಪಕ್ಕದ ಮನೆಯವರ ಮುಂದೆಲ್ಲ, ‘ನಮ್ಮ ಸೊಸೆ ಏನ್ ಮಾಡ್ತಾಳೆ ಗೊತ್ತಾ? ಕ್ಯಾನ್ಸರ್ ಸಾಕ್ತಾಳೆ! ಊರಿಗೆಲ್ಲ ಬೇಡವಾದದ್ದಕ್ಕೆ ಇವಳು ಹೊತ್ತೊತ್ತಿಗೆ ಊಟ ಹಾಕ್ತಾಳೆ, ಬೆಚ್ಚಗೆ ಮಲಗಿಸ್ತಾಳೆ. ನನಗೆ ಒಂದು ಲೋಟ ಬಿಸಿನೀರು ಕೇಳಿದ್ರೆ ಮಾತ್ರ ಕಿವಿ ಕೇಳಿಸಲ್ಲ’ ಎಂದು ದೂರು. ಸೊಸೆಯೂ ಕಮ್ಮಿಯಲ್ಲ. ‘ಅವುಗಳಾದ್ರೆ ತಿಂದು ಸುಮ್ಮನಿರ್ತವೆ ಅತ್ತೆ, ತಿರುಗಿ ಮಾತಾಡಲ್ಲ’ ಎನ್ನುತ್ತಾಳೆ. ಇಬ್ಬರೂ ದಿನಕ್ಕೆ ನಾಲ್ಕು ಸಲ ಕಿತ್ತಾಡದಿದ್ದರೆ ಇಬ್ಬರಿಗೂ ತಿಂದದ್ದು ಅರಗುವುದಿಲ್ಲ.

ಆದರೆ ಅತ್ತೆಯ ಎದೆಯಲ್ಲಿ ಒಂದು ಮುಳ್ಳಿತ್ತು. ಆರು ವರ್ಷದ ಹಿಂದೆ ಮಾವನಿಗೆ ಕ್ಯಾನ್ಸರ್ ಬಂದಿತ್ತು. ಔಷಧಿ ಕೊಟ್ಟರು, ಗೆಡ್ಡೆ ಕರಗಿಹೋಯಿತು. ಮನೆಯವರೆಲ್ಲ ಹಿರಿಹಿರಿ ಹಿಗ್ಗಿದರು. ನಾಲ್ಕು ತಿಂಗಳಿಗೆ ಮಾವ ಮೆಟ್ಟಿಲು ಹತ್ತಲಾರದೆ ಅರ್ಧದಲ್ಲಿ ಕುಳಿತರು. ಗೆಡ್ಡೆ ಕರಗಿಸಿದ ಔಷಧಿಯೇ ಹೃದಯವನ್ನು ಸೋಲಿಸಿತ್ತು. ಅವರು ಹೋದ ಮೇಲೆ ಅತ್ತೆ ಒಂದೇ ಪ್ರಶ್ನೆಯನ್ನು ಎಷ್ಟೋ ಸಲ ಕೇಳಿದ್ದರು: ‘ಅದು ಎದೆಗೆ ಆಗಿಬರಲ್ಲ ಅಂತ ಮೊದಲೇ ನೋಡೋಕೆ ಯಾರಿಗೂ ಆಗ್ಲಿಲ್ವೇನೇ?’

ಈ ಪ್ರಶ್ನೆಗೆ ಉತ್ತರದ ದಾರಿ ಕಂಡದ್ದು ಕಳೆದ ವರ್ಷ, ಪ್ರಯೋಗಾಲಯದ ಕನ್ನಡಕದ ಹುಡುಗಿಯೊಬ್ಬಳ ಕೆಲಸದಲ್ಲಿ. ಹುಡುಗಿ ಅಲ್ಲಿ ಸಂಶೋಧನೆಗೆ ಸೇರಿ ನಾಲ್ಕು ವರ್ಷವಾಗಿತ್ತು. ಕ್ಯಾನ್ಸರಿನ ಒಂದು ಹೊಸ ಔಷಧಿಯನ್ನು ಪರೀಕ್ಷಿಸುತ್ತಿದ್ದಳು. ಕ್ಯಾನ್ಸರ್ ಉಂಡೆಗಳ ಮೇಲೆ ಅದು ಚೆನ್ನಾಗಿಯೇ ಕೆಲಸ ಮಾಡಿತು, ಒಳಗೆ ಬಚ್ಚಿಟ್ಟುಕೊಂಡಿದ್ದವನ್ನೂ ಬಿಡಲಿಲ್ಲ. ಇನ್ನುಳಿದದ್ದು ಹೃದಯದ ಪರೀಕ್ಷೆ. ಯಾರೋ ಪುಣ್ಯಾತ್ಮರು ಕೊಟ್ಟ ಚರ್ಮದ ಕೋಶಗಳನ್ನು ಹಂತ ಹಂತವಾಗಿ ಬದಲಾಯಿಸಿ ಹೃದಯದ ಕೋಶಗಳನ್ನಾಗಿ ಮಾಡಿದರು. ಹನಿಯಕ್ಕ ಅವನ್ನು ನೇತುಹಾಕಿ ಉಂಡೆ ಕಟ್ಟಿದಳು. ಕೆಲವು ದಿನದ ಮೇಲೆ ಹುಡುಗಿ ಕೂಗಿದ್ದು ಕೇಳಿ ಹೋಗಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ಉಂಡೆ ಮಿಡಿಯುತ್ತಿತ್ತು. ತನ್ನಷ್ಟಕ್ಕೆ ತಾನು, ಕುಗ್ಗಿ ಹಿಗ್ಗಿ, ಕುಗ್ಗಿ ಹಿಗ್ಗಿ.

ಅವತ್ತು ಹನಿಯಕ್ಕ ಬಸ್ಸಿಗೂ ಕಾಯದೆ ನಡೆದೇ ಮನೆಗೆ ಬಂದು ಅತ್ತೆಯ ಮುಂದೆ ಕೈ ಮುಚ್ಚಿ ಬಿಡಿಸಿ, ಮುಚ್ಚಿ ಬಿಡಿಸಿ ತೋರಿಸಿದಳು. ಅತ್ತೆ ಮೂಗು ಮುರಿದರು. ‘ಹೇಳೋದಕ್ಕೇನು, ಯಾರು ಬೇಕಾದ್ರೂ ಹೇಳ್ತಾರೆ. ನಾನೇ ಕಣ್ಣಾರೆ ನೋಡಬೇಕು.’ ಅಂದಿನಿಂದ ಶುರುವಾಯಿತು ನೋಡಿ ಪೀಡನೆ. ಬೆಳಗ್ಗೆ ಅದೇ, ಸಂಜೆ ಅದೇ. ಉಂಡೆಗಳನ್ನು ಬೆಳೆಸುವ ಕೋಣೆಗೆ ಹೊರಗಿನವರನ್ನು ಬಿಡುವಂತಿಲ್ಲ ಎಂದು ಹೇಳಿ ಹೇಳಿ ಸೊಸೆಗೆ ಸಾಕಾಯಿತು. ಕೊನೆಗೆ ಒಂದು ಶನಿವಾರ ಅವಳ ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ, ‘ಆಯ್ತು, ಬನ್ನಿ. ಹತ್ತು ನಿಮಿಷ, ಅಷ್ಟೇ’ ಎಂದುಬಿಟ್ಟಳು.

ಶನಿವಾರ ಅಲ್ಲಿ ಅರ್ಧ ದಿನ, ಜನ ಕಮ್ಮಿ. ಕಾವಲುಗಾರ ಇವಳ ಮುಖ ನೋಡಿ ಕೈಯೆತ್ತಿದ, ಹಿಂದಿದ್ದ ಮುದುಕಿ ಯಾರೆಂದು ಕೇಳಲೇ ಇಲ್ಲ. ಹನಿಯಕ್ಕ ಅತ್ತೆಗೆ ಉದ್ದನೆಯ ನೀಲಿ ಗೌನು ತೊಡಿಸಿ, ತಲೆಗೆ ಟೋಪಿ, ಕಾಲಿಗೆ ಪ್ಲಾಸ್ಟಿಕ್ ಚೀಲ ಹಾಕಿದಳು. ಅತ್ತೆ ಬಾಗಿಲಿನ ಗಾಜಿನಲ್ಲಿ ತಮ್ಮನ್ನೇ ನೋಡಿಕೊಂಡು, ‘ಇದೇನೇ, ನನ್ನ ಪಾರ್ಸಲ್ ಮಾಡ್ತಿದ್ದೀಯಾ?’ ಎಂದರು.

ಒಳಗೆ ಬೀರುವಿನಂಥ ಇನ್‌ಕ್ಯುಬೇಟರ್, ಮನುಷ್ಯರ ಮೈಯಷ್ಟೇ ಬಿಸಿ. ಅದರಲ್ಲಿ ಹುಡುಗಿಯ ಎರಡು ತಟ್ಟೆ. ಒಂದೊಂದರಲ್ಲೂ ತೊಂಬತ್ತಾರು ಪುಟ್ಟ ಗುಳಿ, ಗುಳಿಗೊಂದು ಹೃದಯದ ಉಂಡೆ. ಒಂದಕ್ಕೆ ಔಷಧಿ ಹಾಕಿತ್ತು, ಇನ್ನೊಂದಕ್ಕೆ ಹಾಕಿರಲಿಲ್ಲ. ಹನಿಯಕ್ಕ ಔಷಧಿಯಿಲ್ಲದ್ದನ್ನು ತೆಗೆಯಲು ಕೈ ಚಾಚಿದಳು.

‘ಔಷಧಿ ಹಾಕಿದ್ದು ಯಾವುದು?’ ಎಂದರು ಅತ್ತೆ.

‘ಅದು ಕೆಳಗಡೆ ಇರೋದು.’

‘ಅದನ್ನೇ ತೋರ್ಸು.’

ಸೊಸೆ ತಿರುಗಿ ನೋಡಿದಳು. ಅತ್ತೆಯ ಮುಖದಲ್ಲಿ ತಮಾಷೆಯ ಸುಳಿವೂ ಇರಲಿಲ್ಲ. ಕೆಳಗಿನ ತಟ್ಟೆಯನ್ನು ತೆಗೆದು, ಮುಚ್ಚಳ ಬಿಚ್ಚದೆ ಸೂಕ್ಷ್ಮದರ್ಶಕದಡಿ ಇಟ್ಟು, ಮೊದಲು ತಾನು ನೋಡಿದಳು. ಮಿಡಿಯುತ್ತಿತ್ತು. ಆಮೇಲೆ ಅತ್ತೆಯನ್ನು ಕೂರಿಸಿದಳು.

ಅತ್ತೆ ಕಣ್ಣಿಟ್ಟವರು ತೆಗೆಯಲೇ ಇಲ್ಲ. ‘ಇದು ಔಷಧಿ ಕುಡಿದೂ ಬಡ್ಕೊಳ್ತಿದೆಯೇನೇ?’ ‘ಹೌದತ್ತೆ.’ ‘ಇನ್ನೊಂದು ತೋರ್ಸು.’ ಇನ್ನೊಂದು. ‘ಇನ್ನೊಂದು.’ ಹತ್ತು ನಿಮಿಷ ಇಪ್ಪತ್ತಾಯಿತು. ‘ಅತ್ತೆ, ಸಾಕು’ ಎಂದರೆ, ‘ಸುಮ್ಮನಿರೇ, ಎಣಿಸ್ತಿದ್ದೀನಿ’ ಎಂದು ಗದರಿದರು. ಅವರ ಕೆನ್ನೆ ಒದ್ದೆಯಾಗಿತ್ತು. ಆರು ವರ್ಷದಲ್ಲಿ ಆ ಹೆಂಗಸು ಯಾರ ಮುಂದೆಯೂ ಅತ್ತಿರಲಿಲ್ಲ. ಹನಿಯಕ್ಕ ಹೇಗೆ ಎಬ್ಬಿಸಲಿ ಎಂದು ನಿಂತೇಬಿಟ್ಟಳು. ಎಸಿ ಕೋಣೆ, ಕೊರೆಯುವ ಚಳಿ, ತಟ್ಟೆ ಹೊರಗೆ. ಹದಿನೆಂಟು ವರ್ಷದ ಕಸುಬುದಾರಳು ಗಡಿಯಾರ ನೋಡುವುದನ್ನೇ ಮರೆತಳು. ತಟ್ಟೆ ಮತ್ತೆ ಒಳಗೆ ಹೋಗುವಾಗ ಮುಕ್ಕಾಲು ಗಂಟೆ ಮೀರಿತ್ತು.

ಅತ್ತೆಯನ್ನು ಬಸ್ಸು ಹತ್ತಿಸಿ, ಹಗುರವಾದ ಮನಸ್ಸಿನಿಂದ ಹನಿಯಕ್ಕ ಹಿಂತಿರುಗಿದಳು. ಮೆಟ್ಟಿಲ ಬಳಿ ಕನ್ನಡಕದ ಹುಡುಗಿ ಕುಳಿತಿದ್ದಳು. ಕನ್ನಡಕ ಕೈಯಲ್ಲಿತ್ತು, ಕಣ್ಣು ಕೆಂಪಗೆ ಊದಿತ್ತು.

‘ಏನಾಯ್ತೇ ಪುಟ್ಟಿ?’

‘ನಿಂತುಹೋಗಿವೆ ಅಕ್ಕ. ಔಷಧಿ ಹಾಕಿದ ಉಂಡೆಗಳು. ಒಂದೂ ಮಿಡೀತಿಲ್ಲ. ಹಾಕದೇ ಇರೋವು ಮೇಲಿನ ತಟ್ಟೇಲಿ ಆರಾಮಾಗಿ ಬಡ್ಕೊಳ್ತಿವೆ. ದೊಡ್ಡ ಮೇಡಂಗೆ ಹೇಳಿಬಿಟ್ಟೆ. ಹೃದಯಕ್ಕೆ ಅಪಾಯ ಅಂತ ಬರೆದು ಮೂರು ಗಂಟೆಗೆ ವರದಿ ಕಳಿಸ್ತಾರಂತೆ. ಅಲ್ಲಿಗೆ ಈ ಔಷಧಿ ಕಥೆ ಮುಗೀತು. ನನ್ನ ನಾಲ್ಕು ವರ್ಷದ್ದೂ ಮುಗೀತು.’

ಹುಡುಗಿ ಬಂದು ನೋಡಿದ್ದು ಯಾವಾಗ ಎಂದು ಹನಿಯಕ್ಕ ಕೇಳಿದಳು. ತಟ್ಟೆ ಒಳಗಿಟ್ಟ ಐದೇ ನಿಮಿಷಕ್ಕೆ! ತಣ್ಣಗಾದ ಹೃದಯದ ಕೋಶ ಮಿಡಿಯುವುದನ್ನು ನಿಲ್ಲಿಸುತ್ತದೆ ಎನ್ನುವುದು ಅಲ್ಲಿಯ ಗೋಡೆಗೂ ಗೊತ್ತು. ನಿಲ್ಲಿಸಿದ್ದು ಔಷಧಿಯಲ್ಲ, ಚಳಿ. ಚಳಿಗೆ ಒಡ್ಡಿದ್ದು ತಾನು. ಅತ್ತೆಯ ಕಣ್ಣು ನೀರಿನಿಂದ ಮಂಜಾಗಿತ್ತು, ಒಳಗಿಡುವ ಮುನ್ನ ತಾನಾದರೂ ಒಮ್ಮೆ ನೋಡಬಹುದಿತ್ತು.

ಬಾಯಿಗೆ ಬೀಗ ಹಾಕಿಕೊಂಡರೆ ಯಾರಿಗೂ ತಿಳಿಯುವುದಿಲ್ಲ. ಬಾಯಿ ಬಿಟ್ಟರೆ ಹೊರಗಿನವರನ್ನು ಒಳಗೆ ತಂದದ್ದಕ್ಕೆ ಕೆಲಸ ಹೋದರೂ ಹೋಯಿತೇ. ಈ ವಯಸ್ಸಿನಲ್ಲಿ ಬೇರೆ ಯಾರು ಕರೆದು ಹನಿ ನೇತುಹಾಕು ಎನ್ನುತ್ತಾರೆ? ಇದೆಲ್ಲ ಅವಳ ತಲೆಗೆ ಬರಲಿಲ್ಲ ಎಂದು ನಾನು ಸುಳ್ಳು ಹೇಳುವುದಿಲ್ಲ. ಬಂತು. ಆದರೆ ಸರಿಯಿದ್ದ ಔಷಧಿಯೊಂದು ತನ್ನಿಂದ ಕಸಕ್ಕೆ ಹೋಗಿ, ಯಾರದೋ ಮನೆಯ ಯಾರೋ ಅದು ಸಿಗದೆ ಹೋಗುವುದೆಂದರೆ? ಥೂ, ಎಂದು ತನಗೆ ತಾನೇ ಬೈದುಕೊಂಡಳು.

‘ತಟ್ಟೆ ಎಲ್ಲಿ?’

‘ಬಿಸಾಡೋ ಸಾಮಾನಿನ ಜೊತೆ ಇಟ್ಟಿದ್ದೀನಿ. ಬ್ಲೀಚ್ ಹಾಕಿ ಕೊಲ್ಲೋಕೆ ಮನಸ್ಸು ಬರಲಿಲ್ಲ, ಅದಕ್ಕೇ ಇಲ್ಲಿ ಬಂದು ಕೂತೆ.’

‘ನಿನ್ನ ಬಾಯಿಗೆ ಸಕ್ಕರೆ ಹಾಕ! ಏಳು ಮೇಲೆ!’

ಹನಿಯಕ್ಕ ಎರಡೆರಡು ಮೆಟ್ಟಿಲು ಹಾರಿದಳು. ಬ್ಲೀಚ್ ಬಾಟಲಿಯ ಪಕ್ಕದಲ್ಲೇ ತಟ್ಟೆ ಅನಾಥವಾಗಿ ಬಿದ್ದಿತ್ತು, ಮುಚ್ಚಳ ಭದ್ರವಾಗಿತ್ತು. ಅದನ್ನು ಮೊದಲು ಇನ್‌ಕ್ಯುಬೇಟರಿಗೆ ಸೇರಿಸಿ, ನೇರವಾಗಿ ದೊಡ್ಡ ಮೇಡಂ ಕೋಣೆಗೆ ನುಗ್ಗಿದಳು. ಹುಡುಗಿ ಏನೂ ಅರ್ಥವಾಗದೆ ಹಿಂದೆಯೇ ಓಡಿ ಬಂದಳು.

ದೊಡ್ಡ ಮೇಡಂ ಎಂದರೆ ಪ್ರಯೋಗಾಲಯದ ಮುಖ್ಯಸ್ಥೆ, ಎತ್ತರದ ಆಳು, ಮಾತು ಕಮ್ಮಿ, ಹುಬ್ಬು ಏರಿತೆಂದರೆ ಎದುರಿನವರು ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ಹನಿಯಕ್ಕ ನಿಂತಲ್ಲೇ ಒಂದೇ ಉಸಿರಿಗೆ ಒದರಿದಳು. ‘ಮೇಡಂ, ವರದಿ ಕಳಿಸಬೇಡಿ. ತಪ್ಪು ನಂದು. ನಮ್ಮತ್ತೇನ ಒಳಗೆ ಕರ್ಕೊಂಡು ಬಂದಿದ್ದೆ. ಆ ತಟ್ಟೇನ ಮುಕ್ಕಾಲು ಗಂಟೆ ಹೊರಗಿಟ್ಟಿದ್ದೆ. ತೆಗೆದಾಗ ಮಿಡೀತಿತ್ತು, ನನ್ನ ಕಣ್ಣಲ್ಲೇ ನೋಡಿದ್ದೀನಿ. ತಣ್ಣಗಾಗಿ ನಿಂತಿರೋದು. ನನ್ನ ಕೆಲಸದಿಂದ ತೆಗೀರಿ, ಪರವಾಗಿಲ್ಲ. ಆ ಔಷಧೀನ ಮಾತ್ರ ತೆಗೀಬೇಡಿ.’

ಮೇಡಂ ಹುಬ್ಬು ಏರಿತು. ‘ಯಾರನ್ನ ಕರ್ಕೊಂಡು ಬಂದಿದ್ರಿ?’

‘ಅತ್ತೇನ.’

‘ಸ್ವಂತ ಅತ್ತೇನಾ?’

‘ಒಬ್ಬರೇ ಇರೋದು ಮೇಡಂ, ಇನ್ನೊಬ್ಬರನ್ನ ತಡ್ಕೊಳ್ಳೋ ಶಕ್ತಿ ನನಗಿಲ್ಲ.’

ಹುಡುಗಿ ಅಷ್ಟು ಅಳುವಿನಲ್ಲೂ ಫಕ್ಕನೆ ನಕ್ಕು, ನಾಲಿಗೆ ಕಚ್ಚಿಕೊಂಡಳು. ಮೇಡಂ ನಗಲಿಲ್ಲ. ಗಡಿಯಾರ ನೋಡಿದರು, ಒಂದೂವರೆ. ‘ಬನ್ನಿ’ ಎಂದು ಎದ್ದರು.

ಮೂವರೂ ಇನ್‌ಕ್ಯುಬೇಟರಿನ ಮುಂದೆ ಕಾದರು. ಕೋಣೆಯಲ್ಲಿ ಇದ್ದದ್ದು ಎರಡೇ ಸ್ಟೂಲು. ಮೇಡಂ ಒಂದರಲ್ಲಿ ಕುಳಿತರು, ಹುಡುಗಿ ಇನ್ನೊಂದರಲ್ಲಿ. ಹನಿಯಕ್ಕ ಅಪರಾಧಿಯಾದ್ದರಿಂದ ನಿಂತೇ ಇದ್ದಳು. ನಲವತ್ತು ನಿಮಿಷವಾದ ಮೇಲೆ ಹುಡುಗಿ ತಟ್ಟೆ ತೆಗೆದು ನೋಡಿದಳು. ಮೊದಲ ಗುಳಿ, ಇಲ್ಲ. ಎರಡನೆಯದು, ಇಲ್ಲ. ‘ಬೇಗ ಒಳಗಿಡು, ಮತ್ತೆ ತಣ್ಣಗಾಗುತ್ತೆ!’ ಎಂದು ಹನಿಯಕ್ಕ ಕಿರುಚಿದಳು. ಮೇಡಂ ಅವಳ ಕಡೆ ನೋಡಿದ ನೋಟಕ್ಕೆ ನೆಲ ಬಿರಿದು ಒಳಗೆ ಸೇರಿಸಿಕೊಂಡಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಎರಡು ಸಲ ಚಳಿಗೆ ಸಿಕ್ಕಿ ಸತ್ತೇಹೋದವೋ ಏನೋ. ತನ್ನ ಕೈಯಾರೆ ಕಟ್ಟಿದ ತೊಂಬತ್ತಾರನ್ನೂ ತಾನೇ ಕೊಂದೆನಲ್ಲ ಎಂದು ತನಗೆ ತಾನೇ ಶಾಪ ಹಾಕಿಕೊಂಡಳು.

ಎರಡೂಮುಕ್ಕಾಲು. ವರದಿಗೆ ಇನ್ನು ಕಾಲು ಗಂಟೆ. ಈ ಸಲ ಮೇಡಂ ತಾವೇ ತಟ್ಟೆ ಇಟ್ಟು ಕಣ್ಣು ಬಾಗಿಸಿದರು. ತಟ್ಟೆಯನ್ನು ಒಂದಿಷ್ಟು ಸರಿಸಿದರು. ಇನ್ನೊಂದಿಷ್ಟು ಸರಿಸಿದರು. ಹನಿಯಕ್ಕನ ಕಣ್ಣು ಅವರ ಕೈ ಮೇಲೆ ಬಿತ್ತು. ಮೇಜಿನ ಮೇಲಿದ್ದ ಆ ಕೈಯ ತೋರುಬೆರಳು ಏಳುತ್ತಿತ್ತು, ಬೀಳುತ್ತಿತ್ತು. ಏಳುತ್ತಿತ್ತು, ಬೀಳುತ್ತಿತ್ತು. ತಾಳ ಹಾಕುತ್ತಿದ್ದರು!

‘ಮೇಡಂ?’ ಎಂದಳು ಹುಡುಗಿ.

‘ನಿಧಾನಕ್ಕೆ ಬಡ್ಕೊಳ್ತಿವೆ’ ಎಂದರು ಮೇಡಂ. ‘ಆದ್ರೆ ಬಡ್ಕೊಳ್ತಿವೆ.’

ಹುಡುಗಿ ಹನಿಯಕ್ಕನನ್ನು ತಬ್ಬಿದ ರಭಸಕ್ಕೆ ಇಬ್ಬರ ಟೋಪಿಗಳೂ ಕೆಳಗೆ ಬಿದ್ದವು. ಇಬ್ಬರೂ ಅತ್ತರು, ನಕ್ಕರು, ಯಾವುದು ಯಾವುದೆಂದು ಹೇಳುವಂತಿರಲಿಲ್ಲ. ಮೇಡಂ ಅವರನ್ನು ಅಷ್ಟು ಹೊತ್ತು ಬಿಟ್ಟು, ಆಮೇಲೆ ಗಂಟಲು ಸರಿಮಾಡಿಕೊಂಡರು.

‘ಕುಣಿದದ್ದು ಸಾಕು. ಇಷ್ಟೆಲ್ಲ ಅವಾಂತರ ಆದ ತಟ್ಟೆಯನ್ನ ನಂಬಿ ನಾನು ಒಳ್ಳೇದು ಅಂತಾನೂ ಬರೆಯಲ್ಲ, ಕೆಟ್ಟದ್ದು ಅಂತಾನೂ ಬರೆಯಲ್ಲ. ಮೊದಲಿಂದ ಮಾಡಿ. ಹೊಸ ಹನಿ, ಹೊಸ ಉಂಡೆ, ಹೊಸ ತಟ್ಟೆ. ವರದಿ ತಡ ಅಂತ ನಾನು ಹೇಳ್ಕೊಳ್ತೀನಿ.’ ಆಮೇಲೆ ಹನಿಯಕ್ಕನ ಕಡೆ ತಿರುಗಿದರು. ‘ನೀವು ನಡೆದದ್ದನ್ನೆಲ್ಲ ಕೈಯಾರೆ ಬರೆದುಕೊಡಿ. ಇನ್ನು ಮೇಲೆ ಹೊಸಬರು ಯಾರೇ ಬಂದರೂ ತಟ್ಟೇನ ಎಷ್ಟು ಹೊತ್ತು ಹೊರಗಿಡಬಹುದು ಅಂತ ಪಾಠ ಮಾಡೋದು ನೀವೇ. ನಿಮ್ಮ ಈ ಕಥೇನೂ ಸೇರಿಸಿ, ಅತ್ತೇನೂ ಸೇರಿಸಿ.’

ಶಿಕ್ಷೆ ಎಂದರೆ ಅದೇ. ಮಾನ ಹೋಗುತ್ತದೆಂದು ಹನಿಯಕ್ಕ ಎರಡು ದಿನ ಮುಖ ಊದಿಸಿಕೊಂಡಳು. ಮೊದಲ ಪಾಠದಲ್ಲಿ, ಪದವಿಗಳ ಭಾರ ಹೊತ್ತ ಏಳು ಜನ ಅವಳ ಮುಂದೆ ಪೆನ್ನು ಹಿಡಿದು ಬರೆದುಕೊಳ್ಳತೊಡಗಿದಾಗ ಮುಖ ಊರಗಲವಾಯಿತು. ಹದಿನೈದು ನಿಮಿಷದ ಪಾಠ ಒಂದೂವರೆ ಗಂಟೆ ನಡೆಯಿತು. ಅತ್ತೆಯ ಭಾಗವನ್ನಂತೂ ಗೌನು ಹಾಕಿಕೊಂಡು ಅಭಿನಯಿಸಿಯೇ ತೋರಿಸಿದಳಂತೆ.

ಅತ್ತೆಗೆ ಮಾತ್ರ ಅವಳು ಏನೂ ಹೇಳಿರಲಿಲ್ಲ. ಹೇಳಿದರೆ ಆ ಮುದಿ ಜೀವ ತನ್ನಿಂದಾಯಿತಲ್ಲ ಎಂದು ಕೊರಗುತ್ತದೆ. ‘ಏನಾಯ್ತೇ ನಿನ್ನ ಔಷಧಿ?’ ಎಂದು ಕೇಳಿದಾಗಲೆಲ್ಲ, ‘ಇನ್ನೂ ನೋಡ್ತಿದ್ದಾರೆ’ ಎಂದು ತೇಲಿಸುತ್ತಿದ್ದಳು.

ಹೊಸ ಹೃದಯದ ಕೋಶಗಳು ತಯಾರಾಗಲು ಐದು ವಾರ ಹಿಡಿಯಿತು. ಹನಿಯಕ್ಕ ತನ್ನ ಜೀವಮಾನದಲ್ಲೇ ಅಷ್ಟು ಎಚ್ಚರದಿಂದ ಮುಚ್ಚಳ ತಿರುವಿರಲಿಲ್ಲ. ಉಂಡೆ ಕಟ್ಟಿದವು, ಮಿಡಿದವು, ಔಷಧಿ ಬಿತ್ತು. ಒಂದು ವಾರವಾಯಿತು, ಎರಡು ವಾರವಾಯಿತು. ಈ ಸಲ ಹುಡುಗಿ ಕ್ಯಾಮೆರಾ ಇಟ್ಟು, ಬಿಸಿ ಆರದಂತೆ ನೋಡಿಕೊಂಡು, ಒಂದೊಂದನ್ನೂ ಎಣಿಸಿದಳು. ಔಷಧಿ ಹಾಕಿದ ತೊಂಬತ್ತಾರರಲ್ಲಿ ತೊಂಬತ್ತೈದು ಮಿಡಿಯುತ್ತಿದ್ದವು. ಹಾಕದ ತಟ್ಟೆಯಲ್ಲೂ ತೊಂಬತ್ತೈದೇ. ಇದರಿಂದ ಎಲ್ಲವೂ ಗೆದ್ದಂತಲ್ಲ, ಮುಂದೆ ಇನ್ನೂ ಹತ್ತಾರು ಪರೀಕ್ಷೆ ಇದೆ ಎಂದು ಮೇಡಂ ಹೇಳಿದರು. ಆದರೆ ಹೇಳುವಾಗ ಹುಬ್ಬು ಏರಿರಲಿಲ್ಲ, ಹಲ್ಲು ಕಾಣುತ್ತಿತ್ತು.

ಹನಿಯಕ್ಕ ಅಂದು ಮನೆಗೆ ಬಂದಾಗ ಅತ್ತೆ ಕಿಟಕಿಯ ಬಳಿ ಕುಳಿತು ಬಟ್ಟೆ ಮಡಿಸುತ್ತಿದ್ದರು. ಗಂಡ ಚಪ್ಪಲಿ ಬಿಚ್ಚುತ್ತಿದ್ದ. ಅವಳು ಕೈಚೀಲವನ್ನೂ ಇಳಿಸದೆ ಎಲ್ಲವನ್ನೂ ಹೇಳಿದಳು. ಚಳಿ, ಬ್ಲೀಚ್, ಮೇಡಂ, ಪಾಠ, ಇಂದಿನ ತೊಂಬತ್ತೈದು. ಗಂಡ ಮೌನವ್ರತ ಮುರಿದು, ‘ಅಮ್ಮ ಒಂದು ಔಷಧೀನೇ ನಿಲ್ಲಿಸಿಬಿಡ್ತಿದ್ರಲ್ಲ, ನಾನು ಬಸ್ ನಿಲ್ಸೋಕೂ ಇಷ್ಟು ಕಷ್ಟಪಡ್ತೀನಿ’ ಎಂದ. ಯಾವಾಗಲೂ ತಿರುಗಿ ಬೀಳುವ ಅತ್ತೆ ಅಂದು ಸೊಸೆಯ ಎರಡೂ ಕೈಗಳನ್ನು ಹಿಡಿದು ತಮ್ಮ ಮಡಿಲಲ್ಲಿಟ್ಟುಕೊಂಡರು.

‘ಹಾಗಾದ್ರೆ ಈ ಔಷಧಿ ತಗೊಂಡೋರು ಮೆಟ್ಟಿಲು ಹತ್ತಿ ಮನೆಗೆ ಬರ್ತಾರೆ ಅನ್ನು.’

‘ಬರ್ತಾರೆ ಅಂತ ಆಸೆ ಅತ್ತೆ.’

‘ಬರಲಿ’ ಎಂದರು ಅತ್ತೆ. ‘ಯಾರ ಮನೆಯವರಾದ್ರೂ ಆಗಲಿ, ಬರಲಿ.’